ಕೋವಿಯ ಕಾನೂನು ವ್ಯಾನಿಗೆ

ಹಾರನಹಳ್ಳಿಯ ಆ ಬೀದಿಯಲ್ಲಿ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದ ಮಾತೊಂದಿತ್ತು: ತೆಂಗಿನಕಾಯಿ ವ್ಯಾಪಾರದ ಸಿದ್ದಬಸಪ್ಪನವರು ಕೋವಿ ಹೊರಗೆ ತೆಗೆದರೆ ಕೋತಿಗಳು ಮರದಿಂದಿಳಿದು ನೋಡಲು ಬರುತ್ತವೆ, ವ್ಯಾನು ಹೊರಗೆ ತೆಗೆದರೆ ಮನುಷ್ಯರು ಮನೆಯೊಳಗೆ ಹೋಗುತ್ತಾರೆ.

ಈ ಮಾತು ಎಲ್ಲರಿಗೂ ಗೊತ್ತಿತ್ತು, ಸಿದ್ದಬಸಪ್ಪನವರೊಬ್ಬರನ್ನು ಬಿಟ್ಟು. ತಮ್ಮ ಬಿಳಿ ವ್ಯಾನು ಗುರುಗುಟ್ಟಿದ ಕೂಡಲೇ ಜಗಲಿಯ ಮೇಲೆ ಕಾಲು ಚಾಚಿ ಕೂತವರೆಲ್ಲ ಎದ್ದು ಒಳಗೆ ಸರಿಯುವುದನ್ನು ಅವರು ಕಂಡಿದ್ದರು. ಹಿರಿಯರನ್ನು ಕಂಡರೆ ಏಳುವ ಸಂಸ್ಕಾರ ಈ ಬೀದಿಯಲ್ಲಾದರೂ ಉಳಿದಿದೆಯಲ್ಲ ಎಂದು ಅವರ ಎದೆ ತುಂಬಿ ಬರುತ್ತಿತ್ತು. (ಎದೆ ತುಂಬಿದಾಗ ಎಡಗಡೆಯ ಚರಂಡಿ ಕಾಣುತ್ತಿರಲಿಲ್ಲ. ತುಂಬದಿದ್ದಾಗಲೂ ಅಷ್ಟಕ್ಕಷ್ಟೇ.)

ಕೋವಿ ಅವರ ತಂದೆಯ ಕಾಲದ್ದು, ತೋಟ ಕಾಯಲು ಲೈಸೆನ್ಸು ಪಡೆದದ್ದು. ಅದು ಒಂದು ಕೋತಿಯ ಬಾಲವನ್ನೂ ಕೊಂಕಿಸಿದ್ದಿಲ್ಲ. ಚುನಾವಣೆ ಬಂತೆಂದರೆ ಬಸುರಿ ಮಗಳು ತವರಿಗೆ ಹೋದಂತೆ ಪೊಲೀಸ್ ಠಾಣೆಗೆ ಡೆಪಾಸಿಟ್ಟಿಗೆ ಹೋಗಿ, ಫಲಿತಾಂಶ ಬಂದಮೇಲೆ ಮೈತುಂಬ ಧೂಳು ಹೊತ್ತು ಮರಳುತ್ತಿತ್ತು. ಉಳಿದ ದಿನಗಳಲ್ಲಿ ಬೀರುವಿನಲ್ಲಿ ನಿದ್ದೆ.

ಅಂದು ಲೈಸೆನ್ಸಿನ ನವೀಕರಣಕ್ಕೆ ಠಾಣೆಯಿಂದ ವಿಚಾರಣೆಗೆ ಬರುವವರಿದ್ದರು. ಸಿದ್ದಬಸಪ್ಪನವರು ವಿಭೂತಿ ಧರಿಸಿ, ಇಸ್ತ್ರಿ ಅಂಗಿ ತೊಟ್ಟು, ಸಜ್ಜನಿಕೆಯ ಮೂರ್ತಿಯಾಗಿ ಕೂತಿದ್ದರು. ಹೆಂಡತಿ ಸುಮಿತ್ರಮ್ಮ ರೊಟ್ಟಿ ತಟ್ಟುತ್ತಾ ಹಳೆಯ ರಾಗ ತೆಗೆದರು.

"ವ್ಯಾನನ್ನ ಬೇಲೂರಿಗೆ ಕಳ್ಸಿಬಿಡಿ ಅಂದ್ರೆ ಕೇಳಲ್ಲ ನೀವು. ಅಳಿಯಂದ್ರು ಓಡಿಸ್ಕೋತಾರೆ. ಮೊನ್ನೆ ಆ ಸ್ಕೂಲ್ ಹುಡುಗಿ ಸೈಕಲ್ಲಿಗೆ ಉಜ್ಕೊಂಡು ಬಂದ್ರಿ. ಒಂದ್ ಗೇಣು ಈಚೆಗಿದ್ದಿದ್ರೆ ಏನ್ ಗತಿ?"

"ಏನೀಗ? ಗಾಡಿ ರಿಜಿಸ್ಟ್ರೇಷನ್ ಹೊಸದಾಗಿ ಮಾಡಿಸಿದೀನಿ. ಇನ್ಶೂರೆನ್ಸ್ ಐತೆ, ಹೊಗೆ ಸರ್ಟಿಫಿಕೇಟ್ ಐತೆ."

"ಹೊಗೆ ನೋಡಿದ್ರು, ಟೈರ್ ನೋಡಿದ್ರು. ಓಡಿಸೋ ನಿಮ್ಮನ್ನ ಯಾರ್ ನೋಡಿದ್ರು?"

"ಓಡಿಸ್ಬೋದು ಅಂತ ಡಾಕ್ಟ್ರು ಬರ್ಕೊಟ್ಟವ್ರೆ ಕಣೇ."

"ಕಣ್ಣು ನೋಡಿದ್ರಾ?"

"ಮುಖ ನೋಡಿದ್ರು. ಗುರುತಿನೋರು."

ಹೀಗೆಂದವರಿಗೆ ಮಾತು ತಮ್ಮ ಕಡೆ ವಾಲುತ್ತಿಲ್ಲ ಎನ್ನಿಸಿ, ಅದನ್ನು ಲೋಕಹಿತದ ಕಡೆ ತಿರುಗಿಸಿದರು. "ನೋಡು, ಕಾನೂನು ಅಂದ್ರೆ ಕೋವಿ ಕಾನೂನು. ಕೋವಿ ಹೆಂಗೈತೆ ಅನ್ನೋದು ಆಮೇಲಿನ ಮಾತು. ಇಟ್ಕೊಂಡೋನು ಹೆಂಗೆ ಅಂತ ಬೀದಿಯೋರ್ನೆಲ್ಲ ಕೇಳ್ತಾರೆ. ಗಾಡಿಗಾದ್ರೆ ಗಾಡಿ ಗಟ್ಟಿಯಾಗಿದ್ರೆ ಆಯ್ತು, ಓಡ್ಸೋನು ಎಂಥೋನಾದ್ರೂ ನಡೀತದೆ. ಗಾಡಿಗೂ ಅಕ್ಕಪಕ್ಕದೋರನ್ನ ಕೇಳೋ ಪದ್ಧತಿ ತರ್ಬೇಕು. ಆಗ ಅರ್ಧ ಜನ ನಡ್ಕೊಂಡು ಓಡಾಡ್ತಾರೆ."

ಸುಮಿತ್ರಮ್ಮ ಉತ್ತರ ಕೊಡಲಿಲ್ಲ. ಆ ಸಂಸಾರದಲ್ಲಿ ಅವರು ಮಾತಾಡಿದ ದಿನ ಏನೂ ಆಗುತ್ತಿರಲಿಲ್ಲ, ಉತ್ತರ ಕೊಡದ ದಿನವೇ ಅಪಾಯದ್ದು.

ಹೆಡ್ ಕಾನ್‌ಸ್ಟೆಬಲ್ ರಾಜಶೇಖರ್ ಬಂದರು, ಕಾಫಿ ಕುಡಿದರು, ಕೋವಿ ನೋಡಿದರು. ಎದುರು ಮನೆಯ ಮರಿಯಣ್ಣನನ್ನೂ ಪಕ್ಕದ ಅಂಕಮ್ಮನನ್ನೂ ಜಗಲಿಗೆ ಕರೆಸಿದರು.

"ಇವರಿಗೆ ಕುಡಿತ, ಜಗಳ, ಮುಂಗೋಪ ಏನಾದ್ರೂ ಉಂಟಾ?"

"ದೇವರಂಥ ಮನುಷ್ಯ ಸ್ವಾಮಿ," ಎಂದ ಮರಿಯಣ್ಣ.

"ಇವರ ಮನೇಲಿ ಕೋವಿ ಇರೋದ್ರಿಂದ ನಿಮಗೆ ಭಯ ಉಂಟಾ?"

"ಯಾತರ ಭಯ?" ಎಂದಳು ಅಂಕಮ್ಮ. "ಕೋವಿ ಇರೋದೇ ನೆನಪಿರಲ್ಲ ನಮಗೆ."

ಸಿದ್ದಬಸಪ್ಪನವರು ವಿನಯದಿಂದ ನೆಲ ನೋಡಿದರು. ರಾಜಶೇಖರ್ ಏಳುವಷ್ಟರಲ್ಲಿ ಸುಮಿತ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊಸ್ತಿಲಿಗೆ ಬಂದರು. "ಅದೇ ಪ್ರಶ್ನೆ ವ್ಯಾನಿಗೂ ಒಂದ್ಸಲ ಕೇಳಿ ಸಾರ್."

"ಅದಕ್ಕೆ ನಮಗೆ ಅಧಿಕಾರ ಇಲ್ಲಮ್ಮ."

"ಇವರೇ ಕೊಟ್ಟವ್ರೆ, ಬೆಳಗ್ಗೆ. ಕೇಳ್ಬೇಕು ಅಂತ ಕಾನೂನೂ ಮಾಡಿದ್ರು."

ಸಿದ್ದಬಸಪ್ಪನವರು ನಕ್ಕರು. ಬೀದಿಯ ಗೌರವದ ಮೇಲೆ ಅವರಿಗೆ ಅಷ್ಟು ಭರವಸೆ. "ಕೇಳ್ಲಿ ಬಿಡಿ. ಹೇಳಪ್ಪ ಮರಿಯಣ್ಣ, ನನ್ನ ವ್ಯಾನಿಂದ ಯಾರಿಗಾದ್ರೂ ಭಯ ಐತಾ?"

ಮರಿಯಣ್ಣ ಚಪ್ಪಲಿ ಹುಡುಕತೊಡಗಿದ. ಅಂಕಮ್ಮ ಸೂರು ನೋಡಿದಳು.

"ನಾನು ಬಂದ್ರೆ ನೀವೆಲ್ಲ ಎದ್ದು ಮರ್ಯಾದೆ ಕೊಡ್ತಿದ್ರಲ್ಲ," ಎಂದರು ಸಿದ್ದಬಸಪ್ಪನವರು. ದನಿ ಸ್ವಲ್ಪ ಇಳಿದಿತ್ತು.

"ಮರ್ಯಾದೆ ಇಲ್ಲ ಅಂತಲ್ಲ ಯಜಮಾನ್ರೇ," ಎಂದಳು ಅಂಕಮ್ಮ ಮೆಲ್ಲಗೆ. "ಮೊದ್ಲು ಮಕ್ಕಳನ್ನ ಒಳಗೆ ಎಳ್ಕೋತೀವಿ, ಆಮೇಲೆ ಬೀದೀಲಿ ಕಟ್ಟಿದ ಕರು ಬಿಚ್ಕೋತೀವಿ. ಮರ್ಯಾದೆ ಕಿಟಕಿಯಿಂದ ಕೊಡ್ತೀವಿ."

ರಾಜಶೇಖರ್ ಟೋಪಿ ಸರಿಮಾಡಿಕೊಂಡು, "ಕೋವಿಗೆ ನಮ್ಮದೇನೂ ಅಡ್ಡಿಯಿಲ್ಲ," ಎಂದಷ್ಟೇ ಹೇಳಿ ಹೊರಟುಹೋದರು.

ಆಮೇಲೆ ಸಿದ್ದಬಸಪ್ಪನವರು ಬಹಳ ಹೊತ್ತು ಜಗಲಿಯಲ್ಲೇ ಕೂತಿದ್ದರು. ಯಾರಿಗೂ ನೋವಾಗಬಾರದೆಂದು ಕೋವಿಯನ್ನು ಜೀವಮಾನವೆಲ್ಲ ಬೀಗ ಹಾಕಿ ಇಟ್ಟವರು ತಾವು. ವ್ಯಾನಿನ ಕೀಲಿಯನ್ನು ಮಾತ್ರ ಕೈಗೆಟುಕುವ ಮೊಳೆಗೆ ನೇತುಹಾಕಿದ್ದರು. ಸೈಕಲ್ಲಿನ ಆ ಹುಡುಗಿ ಎಲ್ಲಿಂದ ಬಂದಳು ಎಂದು ಇವತ್ತಿಗೂ ಅವರಿಗೆ ತಿಳಿಯದು. ಸದ್ದು ಕೇಳಿದ ಮೇಲೆಯೇ ಅವಳು ಕಂಡದ್ದು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಎದ್ದು ಹೋಗಿ ಕೀಲಿಯನ್ನು ಹೆಂಡತಿಯ ಕೈಗಿಟ್ಟರು. "ತಗೋ, ಡೆಪಾಸಿಟ್. ರಸೀದಿ ಕೊಡು. ಠಾಣೇಲಿ ಕೊಡ್ತಾರೆ."

"ಠಾಣೇಲಿ ಎಲೆಕ್ಷನ್ ಮುಗಿದ್ಮೇಲೆ ವಾಪಸ್ಸೂ ಕೊಡ್ತಾರೆ," ಎಂದರು ಸುಮಿತ್ರಮ್ಮ. "ಇಲ್ಲಿ ಆ ಪದ್ಧತಿ ಇಲ್ಲ. ರೊಟ್ಟಿ ತಣ್ಣಗಾಯ್ತದೆ, ಬನ್ನಿ."

ಭಾನುವಾರ ಅಳಿಯ ಇಂದ್ರೇಶ್ ಬೇಲೂರಿನಿಂದ ಬಸ್ಸಿನಲ್ಲಿ ಬಂದ. ವ್ಯಾನನ್ನು ಮಗಳ ಮನೆ ಸೇರಿಸಿ ಬರುವೆನೆಂದು ಸಿದ್ದಬಸಪ್ಪನವರೂ ಹೊರಟರು. ಆ ಮನೆಯಿಂದ ಆ ವ್ಯಾನಿನಲ್ಲಿ ಅದೇ ಕೊನೆಯ ಪ್ರಯಾಣ. ಬಲಗಡೆಯ ಬಾಗಿಲಿಗೆ ಹೋದವರು ತಿರುಗಿ ಬಂದು ಎಡಗಡೆ ಹತ್ತಿದರು.

ಇಂದ್ರೇಶ್ ವ್ಯಾನನ್ನು ಹಿಂದಕ್ಕೆ ತೆಗೆಯುತ್ತಿದ್ದವನು ತಟ್ಟನೆ ನಿಲ್ಲಿಸಿದ.

ಸಿದ್ದಬಸಪ್ಪನವರು ಕನ್ನಡಿಯಲ್ಲಿ ನೋಡಿದರು. ಬಿಳಿ ಬಿಸಿಲು ಬಿಟ್ಟರೆ ಬೇರೇನೂ ಕಾಣಲಿಲ್ಲ. "ಯಾಕಪ್ಪ ನಿಲ್ಲಿಸಿದೆ? ಖಾಲಿ ಐತಲ್ಲ."

"ಅತ್ತೆ ನಿಂತವ್ರೆ ಮಾವ."

ಸುಮಿತ್ರಮ್ಮ ಕಿಟಕಿಯ ಬಳಿಗೆ ಬಂದರು. ಸಿದ್ದಬಸಪ್ಪನವರು ಅವರ ಮುಖವನ್ನೇ ನೋಡಿದರು. "ಅಲ್ಲೇನೇ ಮಾಡ್ತಿದ್ದೆ, ಹಿಂದೆ ನಿಂತ್ಕೊಂಡು?"

"ಯಾವಾಗ್ಲೂ ಮಾಡೋದೇ. ನೀವು ಹಿಂದಕ್ಕೆ ತೆಗೆಯೋವಾಗ ಮಕ್ಕಳು ಮರಿ ಅಡ್ಡ ಬರ್ದಂಗೆ ತಡ್ಕೊಂಡು ನಿಂತಿರ್ತೀನಿ."

"ಯಾವಾಗ್ಲೂ?"

"ವ್ಯಾನು ತಂದಾಗಿನಿಂದ."

ಸಿದ್ದಬಸಪ್ಪನವರು ಬಾಗಿಲು ತೆರೆದು ಕೆಳಗಿಳಿದರು. ಹೆಂಡತಿಯ ತೋಳು ಹಿಡಿದು ಜಗಲಿಯ ಮೇಲೆ ಹತ್ತಿಸಿ ಕೂರಿಸಿದರು. ಆಮೇಲೆ ಬಂದು ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು, "ಈಗ ಹೊರಡಪ್ಪ," ಎಂದರು.