ಹನ್ನೊಂದೇ ನಿಮಿಷಕ್ಕೆ ಸಾರಿ ಕೇಳಿದ ಮಹಾರಾಜರಿಗೆ

ಮಾನ್ಯ ಮಹಾರಾಜರೇ,

ಕಳೆದ ಗುರುವಾರ ನಮ್ಮ ಶಾಲೆಯ ಊಟದ ಹಾಲ್‌ನಲ್ಲಿ, ಎರಡು ಬೆಂಚು ಜೋಡಿಸಿದ ಸಿಂಹಾಸನದ ಮೇಲೆ ರಟ್ಟಿನ ಕಿರೀಟ ಧರಿಸಿ ಕುಳಿತು, ಪ್ರಾಚೀನ ಕಾವ್ಯವನ್ನೂ ಶಾಸ್ತ್ರೀಯ ಸಂಗೀತವನ್ನೂ ನಮ್ಮಂಥ ಮೊದ್ದುಗಳ ಕಿವಿಗೆ ಮುಟ್ಟಿಸಲು ಕೃಪೆ ಮಾಡಿದ ತಮ್ಮ ಪಾದಗಳಿಗೆ (ಎಡಗಾಲಿನ ಕಾಲುಚೀಲ ತೂತಾಗಿತ್ತು, ಇರಲಿ) ಎಂಟನೇ ತರಗತಿಯ ಕೊನೇ ಬೆಂಚಿನಿಂದ ಅಡ್ಡಬಿದ್ದು ಮಾಡುವ ಅರಿಕೆ.

ತಮ್ಮ ನಾಟಕದ ನಿಯಮ ಬಲು ಉದಾತ್ತವಾದದ್ದು: ಯಾವ ಮಗು ಎದ್ದು ಮಾತಾಡಿದರೂ ಪಿಟೀಲು ನಿಲ್ಲಬೇಕು, ಮಗು ಹೇಳಿದ್ದನ್ನೇ ರಾಜ ಮಾಡಬೇಕು. ತಮಗೆ ತಿಳಿಯದ ಸಂಗತಿಯೆಂದರೆ, ನಾಟಕ ಮುಗಿದ ಕೂಡಲೇ ನಮಗೆ ಗಣಿತದ ಪರೀಕ್ಷೆಯಿತ್ತು. ಗಂಟೆ ಹೊಡೆಯುವವರೆಗೂ ಕಥೆಯನ್ನು ಎಳೆಯುವ ಹೊಣೆಯನ್ನು ಇಡೀ ತರಗತಿ ನನ್ನ ತಲೆಗೆ ಕಟ್ಟಿತ್ತು. "ನೀನಿದ್ದೀಯಲ್ಲ, ಬಿಡು! ರಾಜನ ತಲೆ ತಿನ್ನು, ಸಾಕು" ಎಂದು ಬೆನ್ನು ತಟ್ಟಿದವನು ನನ್ನ ಪರಮಮಿತ್ರ, ಅಡ್ಡಹೆಸರು ಗೂಬೆ. ತಮ್ಮ ಕುದುರೆಯ ವಯಸ್ಸೂ ಸೇರಿದಂತೆ ಇಪ್ಪತ್ತೆರಡು ಪ್ರಶ್ನೆಗಳನ್ನು ನಾನು ಬರೆದು ತಂದಿದ್ದೆ.

ಅಷ್ಟರಲ್ಲಿ ತಾವು ರಾಣಿಯನ್ನು ಹೊರಹಾಕಿದಿರಿ, ಆಕೆ ನೀರಿನ ಫಿಲ್ಟರಿನ ಪಕ್ಕದ ಬಾಗಿಲಿನತ್ತ ಒಬ್ಬರೇ ನಡೆದರು, ಪಿಟೀಲಿನ ಅಕ್ಕ ಅದೇನೋ ನುಡಿಸತೊಡಗಿದರು, ಮತ್ತು ಇಪ್ಪತ್ತೆರಡು ಪ್ರಶ್ನೆಗಳ ಆ ಮಹಾನಾಯಕ ಎದ್ದು ನಿಂತು, ಮೂಗು ಸುರಿಸುತ್ತಾ, "ಲೇ ರಾಜಾ, ಹೋಗಿ ಸಾರಿ ಕೇಳೋ!" ಎಂದು ಕಿರುಚಿದ. ತಾವು ಕೇಳಿಯೇಬಿಟ್ಟಿರಿ! ಸಾವಿರ ವರ್ಷ ಮಂತ್ರಿಗಳ ಮಾತಿಗೂ ಬಗ್ಗದ ದೊರೆಯಾದ ತಾವು, ಶೂ ಲೇಸು ನೆಟ್ಟಗೆ ಕಟ್ಟಲು ಬಾರದವನ ಮಾತಿಗೆ ಕಿರೀಟ ಕಳಚಿದಿರಿ. ನಲವತ್ತು ನಿಮಿಷದ ದುರಂತ ಹನ್ನೊಂದಕ್ಕೆ ಸುಖಾಂತ. ಬಾಗಿಲಲ್ಲಿ ಪ್ರಶ್ನೆಪತ್ರಿಕೆಗಳ ಕಟ್ಟು ಹಿಡಿದು ನಿಂತಿದ್ದ ಗಣಿತದ ಮೇಷ್ಟ್ರು, "ತುಂಬಾ ಚೆನ್ನಾಗಿತ್ತು. ಪೆನ್ನು ತೆಗೀರಿ" ಎಂದರು.

ಅಂದಿನಿಂದ ಗೂಬೆ ಬೇರೆ ಬೆಂಚಿಗೆ ವಲಸೆ ಹೋಗಿದ್ದಾನೆ, ಉಳಿದವರು ನನ್ನನ್ನು "ರಾಣಿಯಮ್ಮನ ತಮ್ಮ" ಎನ್ನುತ್ತಾರೆ, ಆರು ವರ್ಷ ಬೆವರು ಸುರಿಸಿ ಸಂಪಾದಿಸಿದ ನನ್ನ ಕೆಟ್ಟ ಹೆಸರು ಮಣ್ಣುಪಾಲಾಗಿದೆ. ಆದಕಾರಣ, ಅಂದು ನನ್ನ ಕಣ್ಣಲ್ಲಿದ್ದದ್ದು ಪರದೆಯ ಧೂಳು ಎಂದು ರಾಜಮುದ್ರೆಯೊತ್ತಿದ ಪತ್ರವೊಂದನ್ನು ದಯಪಾಲಿಸಬೇಕು; ಮುಂದೆ ನಮ್ಮ ಶಾಲೆಗೆ ಕಳುಹಿಸುವ ರಾಜರು ಕಲ್ಲುಹೃದಯದವರೂ, ಸಾಧ್ಯವಾದರೆ ಕಿವುಡರೂ ಆಗಿರಬೇಕು.

ತಮ್ಮನ್ನು ನಂಬಿ ಗಣಿತದಲ್ಲಿ ನಾಲ್ಕು ಅಂಕ ಪಡೆದ,
ತಮ್ಮ ವಿಶ್ವಾಸಿ

ಮರೆತ ಮಾತು: ತಮ್ಮ ವಿಧಾನವನ್ನೇ ನಂಬಿ ಗೂಬೆಗೆ ಸಾರಿ ಕೇಳಿದೆ, "ಹೋಗೋ, ಹಿಂದೆ ಪಿಟೀಲು ಯಾರು ನುಡಿಸ್ತಾರೆ?" ಎಂದ. ಆದರೆ ನಿನ್ನೆ ಕೈ ತೊಳೆಯುವ ನಲ್ಲಿಯ ಹತ್ತಿರ ಅವನು ಆ ಅಕ್ಕನ ರಾಗವನ್ನೇ ಗುನುಗುತ್ತಿದ್ದ, ನಾನು ಕಿರುಚಿ ಪಿಟೀಲು ನಿಂತ ಜಾಗಕ್ಕೆ ಬಂದು ಥಟ್ಟನೆ ನಿಲ್ಲಿಸಿದ. ಗುನುಗಿದರೆ ನಾನೂ ಅಲ್ಲಿಗೇ ನಿಲ್ಲಿಸುತ್ತೇನೆ, ರಾಗದ ಮುಂದಿನದು ಇಬ್ಬರಿಗೂ ಗೊತ್ತಿಲ್ಲ. ಅಕ್ಕನನ್ನು ಕಳುಹಿಸಿಕೊಡಿ. ತಾವು ಬರದಿದ್ದರೂ ನಡೆಯುತ್ತದೆ.