ಅಜ್ಜಪ್ಪನವರ ನಾಲ್ಕೂವರೆ ಲೀಟರ್ ಗ್ಯಾಲನ್

ಗ್ಯಾಲನ್ ಅಂದರೆ ನಾಲ್ಕೂವರೆ ಲೀಟರು. ವಿನೋಬನಗರದ ಅಜ್ಜಪ್ಪನವರಿಗೆ ಇದು ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎಂಬಷ್ಟೇ ಖಾತ್ರಿ. ಶಾಲೆಯ ಕಟ್ಟೆ ಹತ್ತದೆ, ಹಳೇ ಲಾರಿಗೆ ಡೀಸೆಲ್ ಹಾಕಿಸುತ್ತಲೇ ಕಲಿತ ವಿದ್ಯೆ. ಅದನ್ನು ಅಲ್ಲಾಡಿಸುವ ಗಂಡು ಇನ್ನೂ ಹುಟ್ಟಿರಲಿಲ್ಲ. (ಹೆಣ್ಣು ಹುಟ್ಟಿ, ಮನೆಯೊಳಗೇ ಇದ್ದರು. ಆದರೆ ಹೆಂಡತಿ ಶಕುಂತಲಮ್ಮನವರ ಪಾವು-ಸೇರನ್ನು ಅಜ್ಜಪ್ಪ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.)

ತೊಂಬತ್ತೆಂಟರ ಬೇಸಿಗೆಯಲ್ಲಿ ಮೊಮ್ಮಗಳು ರಶ್ಮಿತಾಳನ್ನು ನೋಡಲು ಹರಿಹರದ ಶಿವಮೂರ್ತಪ್ಪನವರ ಮನೆಯವರು ಬರುವುದೆಂದಾಯಿತು. ಅಜ್ಜಪ್ಪ ಜಮಾಲುದ್ದೀನನ ಹಳೇ ಸಾಮಾನಿನ ಅಂಗಡಿಯಿಂದ ಅಮೆರಿಕದ ಐಸ್‌ಕ್ರೀಂ ಡಬ್ಬಿ ಹೊತ್ತು ತಂದರು. ನಡುವೆ ಹಾಲಿನ ಪಾತ್ರೆ, ಸುತ್ತ ಐಸು, ಉಪ್ಪು, ಮೇಲೆ ತಿರುಗಿಸುವ ಹಿಡಿ. ಪಾತ್ರೆಯ ಮೇಲೆ ‘ಒಂದು ಗ್ಯಾಲನ್’ ಎಂದು ಕೊರೆದಿತ್ತು. ಬೀಗರಾಗುವವರಿಗೆ ಮನೆಯಲ್ಲೇ ಮಾಡಿದ ಐಸ್‌ಕ್ರೀಂ ತಿನ್ನಿಸುವುದಾಗಿ ಫೋನಿನಲ್ಲಿ ಮಾತೂ ಕೊಟ್ಟಾಯಿತು.

ಅವರು ಬಂದು ಕೂತರು. ಅಜ್ಜಪ್ಪ ಅವರ ಮುಂದೆಯೇ ಅರ್ಧ ಲೀಟರಿನ ಒಂಬತ್ತು ಪಾಕೀಟು ಹಾಲು ಇಟ್ಟುಕೊಂಡು ಒಂದೊಂದಾಗಿ ಸುರಿಯತೊಡಗಿದರು. ಎಂಟನೆಯದಕ್ಕೆ ಹಾಲು ಅಂಚು ದಾಟಿ ಹರಿದು ಶಿವಮೂರ್ತಪ್ಪನವರ ಪಾದಪೂಜೆ ಮುಗಿಸಿತು.

“ಡೈರಿಯೋರು ಹಾಲು ಜಾಸ್ತಿ ತುಂಬ್ಯಾರೆ” ಎಂದರು ಅಜ್ಜಪ್ಪ.

“ಜಾಸ್ತಿ ತುಂಬೋ ಡೈರಿ ಯಾವೂರಾಗೈತೆ ಹೇಳ್ರಿ, ನಾಳಿಂದ ಅಲ್ಲೇ ತರ್ತೀನಿ” ಎಂದರು ಶಕುಂತಲಮ್ಮ.

“ಹಂಗಾದ್ರೆ ಪಾತ್ರೆನೇ ಸವೆದೈತೆ.”

“ಸವೆಯಾಕೆ ಅದೇನು ಸಾಬೂನಾ?”

ಶಿವಮೂರ್ತಪ್ಪ ಕಾಲು ಒರೆಸಿಕೊಂಡರು. “ನಿಮ್ದು ಇಂಗ್ಲೀಷರ ಗ್ಯಾಲನ್ನು, ಅಜ್ಜಪ್ನೋರೆ. ಅಮೆರಿಕದ್ದು ಮೂರೂ ಮುಕ್ಕಾಲು ಲೀಟರಿಗೆ ಚೂರು ಮ್ಯಾಲೆ, ಅಷ್ಟೆ. ನಮ್ಮ ಮಿಲ್ಲಿನ ಎಣ್ಣೆ ಡಬ್ಬಿ ಹಂಗೇ ಇದ್ವು.”

“ಅಷ್ಟು ದೊಡ್ಡ ದೇಶಕ್ಕೆ ಇಷ್ಟು ಸಣ್ಣ ಗ್ಯಾಲನ್ ಯಾಕ್ರಿ?”

ಅಜ್ಜಪ್ಪನವರ ತಲೆ ಗಿರ್ರೆಂದಿತು. ನಾಲ್ಕೂವರೆಯೇ ಕೈಕೊಟ್ಟ ಮೇಲೆ ನಾಳೆ ಸೂರ್ಯನನ್ನು ನಂಬುವುದು ಹೇಗೆ?

ಆದರೂ ಕೊಟ್ಟ ಮಾತು. ಗಂಟಲವರೆಗೆ ತುಂಬಿದ ಪಾತ್ರೆಗೆ ಮುಚ್ಚಳ ಒತ್ತಿ, ದೇವರ ಮೇಲೆ ಭಾರ ಹಾಕಿ ಹಿಡಿ ತಿರುಗಿಸಿದರು. ಹಾಲು ಹೊರಗೆ ಬಂತು, ಉಪ್ಪುನೀರು ಒಳಗೆ ಹೋಯಿತು. ಒಂದು ಚಮಚ ಬಾಯಿಗಿಟ್ಟ ಶಿವಮೂರ್ತಪ್ಪ, “ಮಜ್ಜಿಗೆ ಚಲೋ ಐತೆ” ಎಂದರು.

ಅಷ್ಟರಲ್ಲಿ ಶಕುಂತಲಮ್ಮ ಉಳಿದ ಒಂದೇ ಪಾಕೀಟು ಹಾಲಿಗೆ ಪಾವಿನಲ್ಲಿ ನೀರು ಅಳೆದು ಬೆರೆಸಿ, ಶಾವಿಗೆ ಪಾಯಸ ಕಾಸಿ ತಂದಿದ್ದರು. ಎಲ್ಲರ ಬಟ್ಟಲೂ ತುಂಬಿತು, ಯಾರ ಕಾಲೂ ನೆನೆಯಲಿಲ್ಲ.

ಶಿವಮೂರ್ತಪ್ಪ ಬಟ್ಟಲು ಕೆಳಗಿಟ್ಟರು. “ಹುಡುಗಿ ನಮಗೆ ಒಪ್ಪಿಗೆ. ಲಗ್ನದ ಅಡಿಗೆ ಅಳತೆ ಮಾತ್ರ ಅಮ್ಮಾರ ಕೈಯಾಗಿರ್ಲಿ.”

“ಮತ್ತೆ ನನಗೇನು ಕೆಲಸ?” ಎಂದರು ಅಜ್ಜಪ್ಪ.

“ನೀರು ನೋಡ್ಕಳ್ರಿ” ಎಂದರು ಶಕುಂತಲಮ್ಮ. “ಚೆಲ್ಲಿದ್ರೆ ನೆಲನಾದ್ರೂ ತೊಳೀತೈತೆ.”