ಹಡಗಿನಲ್ಲಿ ನಾನು ಕಾಪಾಡಿದ ಲಗ್ನಪತ್ರಿಕೆ

ಕಾನೂನು ಕಾಲೇಜಿನ ಮೂರು ವರ್ಷಗಳಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಹನ್ನೊಂದು ಕಪ್ ಗೆದ್ದಿದ್ದೇನೆ. ಅವುಗಳಲ್ಲಿ ಅಮ್ಮ ಸೇಫ್ಟಿ ಪಿನ್ನು, ರಬ್ಬರ್ ಬ್ಯಾಂಡು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಕೀಲಿಕೈಗಳನ್ನು ಹಾಕಿಟ್ಟಿದ್ದಾಳೆ. ಇರಲಿ, ಗೆದ್ದದ್ದು ಗೆದ್ದದ್ದೇ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಯಾವ ವಿಷಯಕ್ಕಾದರೂ ಕೊನೆಯ ಮಾತು ನನ್ನದು. ಈ ಪದ್ಧತಿ ಹೋದ ತಿಂಗಳವರೆಗೂ ಸುಸೂತ್ರವಾಗಿ ನಡೆದುಬಂದಿತ್ತು.

ಅಪ್ಪನಿಗೆ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ. ಅದರ ನೇರ ಎದುರಿಗೆ ಗುರುಶಾಂತಪ್ಪನವರದೂ ಅದೇ ವ್ಯಾಪಾರ. ಮೂವತ್ತು ವರ್ಷಗಳಿಂದ ಇಬ್ಬರೂ ಬೆಳಗ್ಗೆ ಷಟರ್ ಎತ್ತಿ, "ಶರಣು" ಎಂದು ಒಬ್ಬರಿಗೊಬ್ಬರು ಕೈಮುಗಿದು, ಆಮೇಲೆ ಸಂಜೆಯವರೆಗೆ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆದುಕೊಳ್ಳುತ್ತಾ ಬಂದವರು.

ಈ ವರ್ಷ ನಮ್ಮಕ್ಕನ ಮದುವೆ. ಊರಿಗೆಲ್ಲ ಕಾರ್ಡ್ ಮಾಡಿಕೊಡುವವರ ಮಗಳ ಕಾರ್ಡ್ ಹೇಗಿರುತ್ತದೆಂದು ಇಡೀ ಬೀದಿ ಕಾಯುತ್ತಿತ್ತು. ಅಪ್ಪ ಆರು ತಿಂಗಳು ಗುಟ್ಟಾಗಿ ಕೂತು ಒಂದು ವಿನ್ಯಾಸ ಮಾಡಿದ್ದರು. ನಮ್ಮ ಮನೆಯದೇ ಹಳೇ ಬಾಗಿಲು, ಎರಡು ಕದ, ಮೇಲೆ ಕಾಗದದಲ್ಲಿ ಕತ್ತರಿಸಿದ ಮಾವಿನ ತೋರಣ. ಕದ ತೆರೆದರೆ ಒಳಗೆ ವಧೂವರರ ಹೆಸರು. ಕಾರ್ಡ್ ಅಚ್ಚಾಗಿ ಬರುವವರೆಗೂ ಇದು ಹೊರಗಿನವರಿಗೆ ತಿಳಿಯಬಾರದು. ಮುಖ್ಯವಾಗಿ, ಎದುರಿನ ಅಂಗಡಿಗೆ.

ಇಷ್ಟರಲ್ಲಿ ಅಪ್ಪನಿಗೆ ಸರಕು ಕೊಡುವ ಕಾಗದದ ಕಂಪನಿಯವರು ಡೀಲರುಗಳನ್ನೆಲ್ಲ ಹಡಗಿನ ಪ್ರವಾಸಕ್ಕೆ ಕರೆದರು. ಚೆನ್ನೈನಲ್ಲಿ ಹತ್ತುವುದು, ಎರಡು ರಾತ್ರಿ ಸಮುದ್ರದಲ್ಲಿ ತಿರುಗುವುದು, ಚೆನ್ನೈನಲ್ಲೇ ಇಳಿಯುವುದು. ಅಪ್ಪ, ಅಮ್ಮ, ನಾನು ಹೊರಟೆವು. ಅಕ್ಕ ರವಿಕೆ ಹೊಲಿಸಬೇಕೆಂದು ಮನೆಯಲ್ಲೇ ಉಳಿದಳು. ಕಾರ್ಡಿನ ಕೊನೆಯ ಪ್ರೂಫ್ ಬರುವುದು ನಾವು ನಡುನೀರಿನಲ್ಲಿರುವ ಶನಿವಾರ. ಮಧ್ಯಾಹ್ನ ಎರಡರೊಳಗೆ ಅಪ್ಪ ಅದನ್ನು ನೋಡಿ ಒಪ್ಪಿಗೆ ಕೊಡಬೇಕು. ಇಲ್ಲದಿದ್ದರೆ ಪ್ರೆಸ್ಸಿನವರು ಬೇರೆ ಕೆಲಸ ಹಿಡಿಯುತ್ತಾರೆ, ನಮ್ಮ ಸರದಿ ಇನ್ನು ಹತ್ತು ದಿನಕ್ಕೆ.

"ಕಾರ್ಡ್ ಏನಾದ್ರೂ ಲೇಟಾದ್ರೆ ಕೊರಳಿಗೆ ಬೋರ್ಡ್ ಹಾಕಿ ನಿನ್ನನ್ನೇ ಮನೆಮನೆಗೂ ಕಳಿಸ್ತೀನಿ," ಎಂದು ಅಕ್ಕ ನನ್ನನ್ನು ಬೀಳ್ಕೊಟ್ಟಳು.

ಡೀಲರುಗಳ ಪಟ್ಟಿಯಲ್ಲಿ ಗುರುಶಾಂತಪ್ಪನವರ ಹೆಸರೂ ಇತ್ತು. ಅದನ್ನು ನೋಡಿದ ಕ್ಷಣವೇ ಭದ್ರತೆಯ ಹೊಣೆಯನ್ನು ನಾನು ವಹಿಸಿಕೊಂಡೆ. ಯಾರೂ ನನಗೆ ವಹಿಸಿರಲಿಲ್ಲ.

"ಹಡಗಿನ ವೈಫೈ ಅಂದ್ರೆ ಊರೆಲ್ಲಾ ಬಳಸೋ ವೈಫೈ ಅಪ್ಪಾ," ಎಂದು ರೈಲಿನಲ್ಲೇ ವಾದ ಮಂಡಿಸಿದೆ. "ಪಕ್ಕದ ಕ್ಯಾಬಿನ್ನಲ್ಲಿ ಕೂತು ನಿಮ್ಮ ಇಮೇಲ್ ಓದ್ಬಹುದು. ವಿಪಿಎನ್ ಅಂತ ಒಂದು ಆಪ್ ಹಾಕಿದ್ರೆ ಎಲ್ಲಾ ಮುಚ್ಚಿದ ಕೊಳವೆಲಿ ಹೋಗತ್ತೆ. ನಾವು ಎಲ್ಲಿದೀವಿ ಅಂತಾನೂ ಯಾರಿಗೂ ಗೊತ್ತಾಗಲ್ಲ."

"ಸುತ್ತ ಬರೀ ನೀರು," ಎಂದಳು ಅಮ್ಮ. "ಎಲ್ಲಿದೀವಿ ಅಂತ ನಮಗಾದ್ರೂ ಗೊತ್ತಿರತ್ತಾ?"

"ಗುರುಶಾಂತಪ್ಪನಿಗೆ ಫೋನಲ್ಲಿ ಟಾರ್ಚ್ ಆರಿಸೋಕೂ ಬರಲ್ಲ ಕಣೇ," ಎಂದರು ಅಪ್ಪ.

"ಅವರು ಹಾಗೆ ನಟಿಸ್ತಿರಬಹುದಲ್ಲ?" ಎಂದೆ. ಎದುರಾಳಿಗಳು ಚಕ್ಕುಲಿ ಡಬ್ಬಿ ತೆರೆದರು. ನಾನು ಗೆದ್ದೆ.

ಕಾಟ್ಪಾಡಿ ದಾಟುವಷ್ಟರಲ್ಲಿ ಮೂರು ಸುಧಾರಣೆಗಳನ್ನು ಜಾರಿಗೆ ತಂದಿದ್ದೆ. ಅಪ್ಪನ ಫೋನಿನಲ್ಲಿ ವರ್ಷಗಳಿಂದ ತೆರೆದೇ ಇದ್ದ ಇಮೇಲನ್ನು ಲಾಗೌಟ್ ಮಾಡಿ, ಇಪ್ಪತ್ತೆರಡು ಅಕ್ಷರದ ಪಾಸ್‌ವರ್ಡ್ ಇಟ್ಟೆ. ಪುಕ್ಕಟೆ ಸಿಗುವ ಒಂದು ವಿಪಿಎನ್ ಹಾಕಿದೆ. ಅಂಗಡಿಯಲ್ಲಿ ವಿನ್ಯಾಸ ನೋಡಿಕೊಳ್ಳುವ ಮಹದೇವಣ್ಣನಿಗೆ ಫೋನ್ ಮಾಡಿ, ಪ್ರೂಫನ್ನು ವಾಟ್ಸಾಪಿನಲ್ಲಿ ಕಳಿಸಕೂಡದು, ಇಮೇಲ್ ಮಾತ್ರ ಎಂದು ಆಜ್ಞೆ ಹೊರಡಿಸಿದೆ.

"ದಿನಾ ವಾಟ್ಸಾಪಲ್ಲೇ ಅಲ್ವಾ ಮೇಡಮ್ ಕಳ್ಸೋದು?" ಎಂದರು ಮಹದೇವಣ್ಣ.

"ದಿನಾ ನಡೀತಿರೋ ತಪ್ಪು ಸರಿ ಆಗಲ್ಲ ಮಹದೇವಣ್ಣ."

ಈ ವಾಕ್ಯ ನನಗೇ ಎಷ್ಟು ಇಷ್ಟವಾಯಿತೆಂದರೆ, ಅಮ್ಮನಿಗೂ ಒಮ್ಮೆ ಹೇಳಿದೆ.

ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಮೇಲಿನ ಡೆಕ್ಕಿನಲ್ಲಿ ಅಪ್ಪನ ಪಕ್ಕ ಕೂತು ಕಾರ್ಯಾಚರಣೆ ಆರಂಭಿಸಿದೆ. ಹಡಗಿನ ವೈಫೈ ಒಂದು ಕ್ಯಾಬಿನ್ನಿನಲ್ಲಿ ಒಂದೇ ಫೋನಿಗೆ ಸಿಗುತ್ತಿತ್ತು, ನಮ್ಮಲ್ಲಿ ಅಪ್ಪನದಕ್ಕೆ. ವಿಪಿಎನ್ ಹಾಕಿದೆ. ಬಂಗಾಳ ಕೊಲ್ಲಿಯಲ್ಲಿದ್ದ ಅಪ್ಪ ಇಂಟರ್ನೆಟ್ಟಿನ ಲೆಕ್ಕದಲ್ಲಿ ನೆದರ್‌ಲೆಂಡ್ಸ್ ತಲುಪಿದರು. ಇಪ್ಪತ್ತೆರಡು ಅಕ್ಷರ ಒತ್ತಿದೆ. ಇಮೇಲಿನವರು ಗಾಬರಿಯಾದರು. ನೆದರ್‌ಲೆಂಡ್ಸಿನಲ್ಲಿ ಯಾರೋ ನಿಮ್ಮ ಇಮೇಲ್ ತೆರೆಯುತ್ತಿದ್ದಾರೆ, ಅದು ನೀವೇ ಆಗಿದ್ದರೆ ಮೊಬೈಲಿಗೆ ಕಳಿಸಿದ ಸಂಖ್ಯೆ ಹೇಳಿ ಎಂದರು. ಮೊಬೈಲಿನ ಸಿಗ್ನಲ್ ಹಿಂದಿನ ರಾತ್ರಿಯೇ ಹೋಗಿತ್ತು.

"ವಿಪಿಎನ್ ತೆಗೆದು ನೋಡು," ಎಂದರು ಅಪ್ಪ.

ತೆಗೆದೆ. ಹಡಗಿನ ಇಂಟರ್ನೆಟ್ ಉಪಗ್ರಹದ ಮೂಲಕ ಇನ್ಯಾವುದೋ ದೇಶದಲ್ಲಿ ನೆಲ ಮುಟ್ಟುತ್ತದೆಂದು ನನಗೇನು ಗೊತ್ತು? ಒಂದು ನಿಮಿಷದ ಹಿಂದೆ ನೆದರ್‌ಲೆಂಡ್ಸಿನಲ್ಲಿದ್ದ ಮನುಷ್ಯ ಈಗ ಸಿಂಗಪುರದಲ್ಲಿದ್ದಾನೆ! ಇಮೇಲಿನವರು ಅಪ್ಪನ ಖಾತೆಗೆ ಇಪ್ಪತ್ನಾಲ್ಕು ಗಂಟೆ ಬೀಗ ಜಡಿದರು. ಅಪ್ಪನ ಗುಟ್ಟನ್ನು ಅಪ್ಪನಿಗೂ ಸಿಗದಂತೆ ಕಾಪಾಡಲಾಯಿತು. ತಾತ್ವಿಕವಾಗಿ ನೋಡಿದರೆ ನನ್ನ ಭದ್ರತೆ ಅಲ್ಲಿಯವರೆಗೆ ನೂರಕ್ಕೆ ನೂರು ಯಶಸ್ವಿ.

ಕೊನೆಗೆ ನಾಚಿಕೆ ಬಿಟ್ಟು ವಾಟ್ಸಾಪ್ ತೆರೆದೆ. ಅದರ ಚಕ್ರ ತಿರುಗುತ್ತಲೇ ಇತ್ತು. ಅಪ್ಪನ ವೈಫೈ ಪ್ಯಾಕೇಜಿನಲ್ಲಿ ವಿಪಿಎನ್ ಬಳಸುವಂತಿಲ್ಲ, ನಿಯಮ ಮುರಿದದ್ದರಿಂದ ಸಂಪರ್ಕ ತಡೆಹಿಡಿಯಲಾಗಿದೆ, ಸಂಜೆ ಆರಕ್ಕೆ ಕೌಂಟರಿಗೆ ಬನ್ನಿ ಎಂಬ ಸೂಚನೆ ಬಂತು. ನಿಯಮಾವಳಿ ನಿನ್ನೆಯೇ ಬಂದಿತ್ತು. ಕಾನೂನಿನ ವಿದ್ಯಾರ್ಥಿನಿಯಾಗಿ ಅದನ್ನು ಓದದೆ "ಒಪ್ಪಿದೆ" ಎಂದು ಒತ್ತಿದವಳು ನಾನೇ.

ಆಗ ಹನ್ನೆರಡೂವರೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೆ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಆಚೆ ಸಾಲಿನ ಕುರ್ಚಿಯಿಂದ ಗುರುಶಾಂತಪ್ಪನವರು ಎದ್ದು ಬಂದರು. "ಏನ್ ತಾಯಿ, ಫೋನ್ ಕೆಲ್ಸ ಮಾಡ್ತಿಲ್ವಾ? ತಗೋ, ನನ್ನದ್ರಲ್ಲೇ ನೋಡ್ಕೋ. ನನ್ನದ್ರಲ್ಲಿ ವೈಫೈಯೂ ಬರ್ತಿದೆ, ಟಾರ್ಚೂ ಬರ್ತಿದೆ. ಟಾರ್ಚ್ ಹೇಗೆ ಆರ್ಸೋದು ಸ್ವಲ್ಪ ಹೇಳು."

ಅಪ್ಪ ಕೈ ಚಾಚಿದರು. ನಾನು ತಡೆದೆ. "ಬೇಡ ಅಂಕಲ್, ನಮ್ಮದು ಎಲ್ಲಾ ಸರಿಯಾಗಿದೆ," ಎಂದು ಹೇಳಿ, ಟಾರ್ಚ್ ಆರಿಸಿ ಕೊಟ್ಟು, ಅಪ್ಪ ಅಮ್ಮನನ್ನು ಕೆಳಗಿನ ರಿಸೆಪ್ಷನ್ನಿಗೆ ಎಳೆದುಕೊಂಡು ಹೋದೆ. ಅಲ್ಲಿ ದಡಕ್ಕೆ ಮಾತಾಡಬಹುದಾದ ಒಂದೇ ಒಂದು ಫೋನ್ ಇತ್ತು. ತುರ್ತು ಇದ್ದರೆ ಮಾತ್ರ.

"ಯಾರಿಗಾದರೂ ಹುಷಾರಿಲ್ಲವೇ?" ಎಂದು ಕೌಂಟರಿನ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು.

"ಮದುವೆ," ಎಂದಳು ಅಮ್ಮ ಕನ್ನಡದಲ್ಲಿ. ಆ ಮುಖ ನೋಡಿಯೇ ಹುಡುಗಿ ಫೋನ್ ಕೊಟ್ಟುಬಿಟ್ಟಳು.

ಇಲ್ಲಿ ನನ್ನ ಅತ್ಯಂತ ಸೂಕ್ಷ್ಮ ಯೋಜನೆ. ಪ್ರೂಫನ್ನು ನೋಡಲಾಗದಿದ್ದರೆ ಏನಂತೆ, ಮಹದೇವಣ್ಣ ಓದಲಿ, ನಾವು ಕೇಳಿ ಒಪ್ಪೋಣ. ಅಪ್ಪ ತಾವೇ ಕೇಳಿಸಿಕೊಳ್ಳುತ್ತೇನೆಂದರು. ನಾನು ಬಿಡಲಿಲ್ಲ. "ನೀವು ಆ ಕಂಬದ ಹತ್ರ ನಿಂತ್ಕೊಳಿ, ಅಮ್ಮ ಮೆಟ್ಟಿಲ ಹತ್ರ. ಗುರುಶಾಂತಪ್ಪ ಅಂಕಲ್ ಬಂದ್ರೆ ಕೆಮ್ಮಿ." ಮೂವತ್ತು ವರ್ಷ ಪ್ರೂಫ್ ನೋಡಿದ ಮನುಷ್ಯನನ್ನು ಪ್ರೂಫಿನಿಂದ ದೂರ ಕಳಿಸಿ ಕಾವಲಿಗೆ ನಿಲ್ಲಿಸಿದೆ.

ಲೈನಿನಲ್ಲಿ ಸಮುದ್ರವೆಲ್ಲ ಕೇಳಿಸುತ್ತಿತ್ತು. ಮಹದೇವಣ್ಣ ಒಂದು ಸಾಲು ಓದುವುದು, ಸರಿಯಾಗಿ ಕೇಳಿಸಿತೇ ಎಂದು ಖಚಿತಪಡಿಸಿಕೊಳ್ಳಲು ನಾನು ಅದನ್ನೇ ತಿರುಗಿ ಹೇಳುವುದು. ಅವರಿಗೆ ನನ್ನದು ಕೇಳಿಸದು, ಇನ್ನೂ ಜೋರಾಗಿ ಹೇಳುವುದು. ಮೈಕ್ ಕೆಟ್ಟರೂ ಕೊನೆಯ ಸಾಲಿಗೆ ಕೇಳಿಸುವಂತೆ ಮಾತಾಡಿ ಕಪ್ ಗೆದ್ದವಳು ನಾನು. "ಎರಡು ಕದದ ಬಾಗಿಲು! ಮೇಲೆ ಮಾವಿನ ತೋರಣ, ಹಸಿರು! ಕದಕ್ಕೆ ಚಿನ್ನದ ಬಣ್ಣದ ಚಿಲಕ!" ಆಮೇಲೆ ಹೆಸರು, ಅಜ್ಜನ ಹೆಸರು, ಛತ್ರ, ತಾರೀಖು, ವಾರ, ಮುಹೂರ್ತ, ಎಲ್ಲವನ್ನೂ ಹಡಗಿಗೆ ಓದಿ ಹೇಳಿದೆ.

ಅಪ್ಪ ಕೆಮ್ಮುತ್ತಿದ್ದರು. ತಂಪುಗಾಳಿಗೆ ಶೀತವಾಗಿರಬೇಕೆಂದುಕೊಂಡೆ. ಮೆಟ್ಟಿಲ ಬಳಿ ಅಮ್ಮನೂ ಕೆಮ್ಮಿದಳು. ಮನೆಮಂದಿಗೆಲ್ಲ ಶೀತ.

"ಸರಿ ಮಹದೇವಣ್ಣ, ಎಲ್ಲಾ ಓಕೆ, ಪ್ರಿಂಟಿಗೆ ಬಿಟ್ಟು..."

"ಒಂದ್ನಿಮಿಷ ತಾಯಿ, ಫೋನ್ ಇಡ್ಬೇಡ," ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದೆ. ರಿಸೆಪ್ಷನ್ನಿನ ಎದುರಿಗೇ ಊಟದ ಹಾಲ್. ಒಂದು ಗಂಟೆಯ ಊಟಕ್ಕೆ ಬೆಂಗಳೂರು ಪೇಟೆಯ ಡೀಲರುಗಳೆಲ್ಲ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರ ಕಿವಿಯೂ ನನ್ನ ಕಡೆಗೆ. ಸಾಲಿನ ಮೊದಲಿಗೆ ಗುರುಶಾಂತಪ್ಪನವರು.

"ಮುಹೂರ್ತ ಹದಿನಾಲ್ಕು ಭಾನುವಾರ ಅಂದ್ಯಲ್ಲಾ. ಹದಿನಾಲ್ಕಕ್ಕೆ ನಾನೇ ಹತ್ತು ಮದುವೆಗೆ ಕಾರ್ಡ್ ಹೊಡ್ದಿದೀನಿ ಕಣಮ್ಮ. ಅದು ಸೋಮವಾರ."

ಅಪ್ಪ ಕಂಬ ಬಿಟ್ಟು ಓಡಿಬಂದು ಫೋನ್ ಕಸಿದುಕೊಂಡರು. "ಮಹದೇವ, ಯಾರ್ದೋ ಹಳೇ ಕಾರ್ಡಿನ ಫೈಲಲ್ಲೇ ಹೆಸ್ರು ಬದಲಾಯ್ಸಿದ್ಯಾ?" ಮಹದೇವಣ್ಣ ಹೌದೆಂದು ಒಪ್ಪಿಕೊಂಡರು. ಹೆಸರು, ತಾರೀಖು ಬದಲಿಸಿದ್ದರು, ವಾರ ಬದಲಿಸಲು ಮರೆತಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೆಲಸ ಮುಗಿಸಿದ್ದರೆ ಅಕ್ಕನ ಮದುವೆಗೆ ಅರ್ಧ ಜನ ಹಿಂದಿನ ದಿನವೇ ಬಂದು, ಖಾಲಿ ಛತ್ರ ನೋಡಿಕೊಂಡು ಹೋಗುತ್ತಿದ್ದರು. ಎರಡಕ್ಕೆ ಐದು ನಿಮಿಷವಿರುವಾಗ ತಿದ್ದಿದ ಕಾರ್ಡ್ ಯಂತ್ರಕ್ಕೇರಿತು.

ಗುರುಶಾಂತಪ್ಪನವರು ತಟ್ಟೆಯೊಂದಿಗೆ ಅಪ್ಪನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಬಾಗ್ಲು ಐಡಿಯಾ ಚೆನ್ನಾಗಿದೆ ಕಣಯ್ಯ. ನಾನು ಯಾರ್ಗೂ ಹೇಳಲ್ಲ," ಎಂದರು. ಹಿಂದೆ ಇಡೀ ಸಾಲು ತಲೆಯಾಡಿಸಿತು.

ಅಮ್ಮ ನನ್ನ ಪಕ್ಕದಲ್ಲಿ ನಿಂತು ತಟ್ಟೆಗೆ ಅನ್ನ ಬಡಿಸಿಕೊಳ್ಳುತ್ತಾ ಕೇಳಿದಳು: "ಆ ವಿಪಿಎನ್ ಕೊಳವೆ ಮುಚ್ಚಿರತ್ತೆ ಅಂದ್ಯಲ್ಲ, ಯಾವ ಕಡೆ?"

ನಾನು ಉಪ್ಪಿನಕಾಯಿಯ ಕಡೆಗೆ ಸರಿದೆ. ಚರ್ಚಾಸ್ಪರ್ಧೆಯಂತೆ ಸಮಯ ಮುಗಿದ ಗಂಟೆ ಬಾರಿಸಿ ನನ್ನನ್ನು ಕಾಪಾಡುವವರು ಅಲ್ಲಿರಲಿಲ್ಲ.

ಮದುವೆ ಚೆನ್ನಾಗಿ ನಡೆಯಿತು, ಸೋಮವಾರವೇ. ಸುಲ್ತಾನ್‌ಪೇಟೆಯಲ್ಲಿ ಕಾರ್ಡ್ ಕೊಟ್ಟಾಗ ಯಾರೂ ಬೆರಗಾಗಲಿಲ್ಲ. "ಓ, ಆ ಹಡಗಿನ ಕಾರ್ಡಾ," ಎಂದು ಕದ ತೆರೆದು ನೋಡಿ ಒಳಗಿಟ್ಟುಕೊಂಡರು.

ಈಗ ರಜೆಯಲ್ಲಿ ನಾನು ಅಪ್ಪನ ಅಂಗಡಿಯಲ್ಲಿ ಪ್ರೂಫ್ ಓದುತ್ತೇನೆ. ಹೊಸ ಪದ್ಧತಿ, ಅಪ್ಪನೇ ಗೊತ್ತುಮಾಡಿದ್ದು. ಮೊನ್ನೆ ಒಳಗಡೆ ಕೂತು ಮೆಲ್ಲಗೆ ಓದುತ್ತಿದ್ದೆ. ಅಪ್ಪ ಕುರ್ಚಿಯನ್ನು ಎತ್ತಿ ಹೊಸ್ತಿಲ ಹತ್ತಿರ ಹಾಕಿದರು.

"ಜೋರಾಗಿ ಓದು. ಎದುರಿನ ಅಂಗಡಿಗೆ ಕೇಳಿಸ್ಬೇಕು."